ಜ್ಯೇಷ್ಠದ ಫೋಟೋ, ಆಷಾಢದ ನಾಟಿ, ಶ್ರಾವಣದ ಫೈಲು

ಒಂದು ಫೈಲಿಗೆ ಎಷ್ಟು ತಾರೀಖುಗಳಿರುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಮೂರು ಎನ್ನುವವರಿದ್ದಾರೆ, ನಾಲ್ಕು ಎನ್ನುವವರೂ ಇದ್ದಾರೆ. ನಮಗೆ ಬೇಕಾದ ತಾರೀಖು ಅವುಗಳಲ್ಲಿ ಒಂದು ಆಗಿಯೇ ಇರುತ್ತದೆ ಎಂದು ನಂಬಿ ಕೆಲಸ ಮಾಡಿದವಳು ನಾನು. ಹಾಗೆ ನಂಬಿ, ಏನೂ ತಪ್ಪು ಮಾಡದ ಒಬ್ಬನ ಹೊಟ್ಟೆಯ ಮೇಲೆ ಹೊಡೆಯುವ ತನಕ ಹೋದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ನನ್ನ ಕುರ್ಚಿಗೆ ಬಂದಿರುವ ಹೊಸಬರು ಆಗಾಗ ಫೋನು ಮಾಡಿ, "ಮೇಡಂ, ಕಂಪ್ಯೂಟರಿನಲ್ಲಿ ಫೋಟೋಗಳ ತಾರೀಖು ಓದುವ ಆ ಸ್ಕ್ರಿಪ್ಟು ಹೇಗೆ ಬರೆದಿರಿ?" ಎಂದು ಕೇಳುತ್ತಾರೆ. ಬರೆಯುವುದು ಇಪ್ಪತ್ತು ಸಾಲಿನ ಕೆಲಸ. ಅದು ಹೇಳಿದ ಮಾತನ್ನು ಎಷ್ಟು ನಂಬಬೇಕು ಎನ್ನುವುದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ವಿಮಲ. ಮದ್ದೂರಿನಲ್ಲಿದ್ದ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಕಾರ್ಖಾನೆಯ ಹೆಸರು ಬೇಡ. ಬಡ್ತಿ ಸಿಕ್ಕಿತೋ ಇಲ್ಲವೋ ಎನ್ನುವುದು ನಿಮಗೆ ಉಪಯೋಗಕ್ಕೆ ಬರುವ ವಿಷಯವಲ್ಲ. ನಮ್ಮ ಕೆಲಸ ಒಂದೇ, ಯಾರ ಕಬ್ಬು ಯಾವತ್ತು ನಾಟಿಯಾಯಿತು ಎಂದು ಬರೆದಿಟ್ಟುಕೊಳ್ಳುವುದು. ಮೊದಲು ನೆಟ್ಟವರಿಗೆ ಮೊದಲು ಕಟಾವು. ಸರದಿ ಹಿಂದೆ ಬಿದ್ದರೆ ಕಬ್ಬು ಗದ್ದೆಯಲ್ಲೇ ಸೂಲಂಗಿ ಹೂ ಬಿಟ್ಟು, ಒಣಗಿ, ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಕಡೆಯವರು ಮಗಳ ಹುಟ್ಟಿದ ದಿನ ಮರೆತರೂ ಕಬ್ಬು ನೆಟ್ಟ ದಿನ ಮರೆಯುವುದಿಲ್ಲ.

ಮರೆಯುವುದಿಲ್ಲ ನಿಜ, ಆದರೆ ಅವರು ಹೇಳುವ ರೀತಿ ಬೇರೆ. ನಾನು ಕೆಲಸಕ್ಕೆ ಸೇರಿದಾಗ ದಪ್ಪ ರಿಜಿಸ್ಟರು, ನೀಲಿ ಶಾಯಿ. ಮೇಜಿನ ಆಚೆ ನಿಂತವರು, "ಗೌರಿ ಅಬ್ಬ ಆಗಿ ಮೂರ್ ದಿನಕ್ಕೆ ಊಣ್ದೆ ಕಣಮ್ಮಣ್ಣಿ" ಎನ್ನುತ್ತಿದ್ದರು. ಒಬ್ಬರು, "ನಮ್ಮೆಮ್ಮೆ ಕರ ಆಕ್ತಲ್ಲ, ಅದ್ರ ಮಾರ್ನೆ ದಿನ" ಎಂದಿದ್ದರು. ಗೌರಿ ಹಬ್ಬವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬಹುದು. ಎಮ್ಮೆ ಕರು ಹಾಕಿದ ದಿನಕ್ಕೆ ಫೀಲ್ಡ್‌ಮನ್‌ನನ್ನೇ ಕೇಳಬೇಕು. ಫೀಲ್ಡ್‌ಮನ್ ಎಂದರೆ ಹತ್ತಾರು ಹಳ್ಳಿಗಳ ಕಬ್ಬಿನ ಗದ್ದೆಗಳನ್ನು ಬೈಕಿನಲ್ಲಿ ಸುತ್ತಿ, ನಾಟಿಯ ದಿನವನ್ನು ತನ್ನ ರಿಜಿಸ್ಟರಿಗೆ ಹತ್ತಿಸುವವನು. ಯಾರ ಮನೆಯ ಎಮ್ಮೆ ಯಾವಾಗ ಕರು ಹಾಕಿತು ಎನ್ನುವುದೂ ಅವನಿಗೆ ಗೊತ್ತಿರುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಫೋನು ಬಂತು. ನಾಟಿಯ ದಿನ ರೈತನ ಕೈಗೆ ಹೆಸರು, ಸರ್ವೆ ನಂಬರು ಬರೆದ ಸ್ಲೇಟು ಕೊಟ್ಟು, ಗದ್ದೆಯಲ್ಲಿ ನಿಲ್ಲಿಸಿ, ಫೋಟೋ ತೆಗೆಯಬೇಕೆಂದು ನಿಯಮವಾಯಿತು. ರಿಜಿಸ್ಟರಿನ ತಾರೀಖೇ ಲೆಕ್ಕ, ಫೋಟೋ ಅದಕ್ಕೆ ಸಾಕ್ಷಿ. ಪ್ರತಿ ಶನಿವಾರ ಫೀಲ್ಡ್‌ಮನ್‌ಗಳು ಮೆಮೊರಿ ಕಾರ್ಡು ತಂದುಕೊಡುತ್ತಿದ್ದರು, ನಾನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೆ. ಒಂದು ಹಂಗಾಮು ಮುಗಿಯುವುದರೊಳಗೆ ಸಾವಿರಾರು ಫೋಟೋ. ಒಂದೊಂದನ್ನೇ ತೆರೆದು ನೋಡುವುದು ನರಮನುಷ್ಯರ ಕೆಲಸವಲ್ಲ ಎಂದು ನಾನು ಮಂಡ್ಯದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೂರು ವಾರದ ತರಗತಿಗೆ ಹೋದೆ. ಐವತ್ತು ದಾಟಿದವಳು ಡಿಗ್ರಿ ಹುಡುಗಿಯರ ಪಕ್ಕ ಕೂತು ಕಲಿತೆ. ಫೋಟೋಗಳಿರುವ ಫೋಲ್ಡರನ್ನು ತೋರಿಸಿದರೆ ಒಂದೊಂದು ಫೈಲಿನ ತಾರೀಖನ್ನೂ ಓದಿ ಪಟ್ಟಿ ಮಾಡುವ ಸ್ಕ್ರಿಪ್ಟು ನನ್ನ ಗುರಿ.

ಮೊದಲ ಸಲ ಓಡಿಸಿದಾಗ ಪ್ರತಿ ಫೋಟೋದ ಮುಂದೆಯೂ ಹತ್ತು ಅಂಕಿಯ ಒಂದು ಸಂಖ್ಯೆ ಬಂತು. ಹತ್ತು ಅಂಕಿ ಎಂದ ಮೇಲೆ ಮೊಬೈಲ್ ನಂಬರೇ ಇರಬೇಕೆಂದು, ಫೋಟೋ ತೆಗೆದ ಫೋನಿನ ನಂಬರನ್ನು ಕಂಪ್ಯೂಟರ್ ಕಂಡುಹಿಡಿದಿದೆ ಎಂದು ಹಿಗ್ಗಿ, ನಮ್ಮ ಕಬ್ಬಿನ ಅಧಿಕಾರಿ ಪುಟ್ಟಸ್ವಾಮಯ್ಯನವರಿಗೆ ತೋರಿಸಿದೆ. ಮಳವಳ್ಳಿ ಕಡೆಯವರು, ಬಾಯಿ ಒರಟು, ಮನಸ್ಸು ಹಾಗಲ್ಲ. ಅವರು ತಕ್ಷಣ ತಮ್ಮ ಫೋನಿನಿಂದ ಆ ನಂಬರಿಗೆ ಕರೆ ಮಾಡಿದರು. ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು ಫೋನು. "ಏನಮ್ಮ ವಿಮಲಾ, ಎಲ್ಲಾ ನಂಬರೂ ಒಂದ್ರಿಂದ್ಲೇ ಸುರುವಾಯ್ತವೆ, ಇದ್ಯಾವ ಕಂಪನಿ ಸಿಮ್ಮಮ್ಮ?" ಎಂದರು. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಜನವರಿ ಒಂದರಿಂದ ಕಳೆದ ಸೆಕೆಂಡುಗಳನ್ನು ಕಂಪ್ಯೂಟರು ಹಾಗೆ ಎಣಿಸುತ್ತದೆ ಎಂದು ನನಗೆ ತಿಳಿದದ್ದು ಮರುದಿನ. ಸೆಕೆಂಡಿಗೆ ಫೋನು ಮಾಡಿಸಿದ ಗುಮಾಸ್ತೆ ಎಂದು ಕಚೇರಿಯಲ್ಲಿ ಬಹಳ ದಿನ ಆಡಿಕೊಂಡರು.

ಸೆಕೆಂಡನ್ನು ತಾರೀಖು ಮಾಡಿದೆ. ಆಗ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತ ರೈತರ ಫೋಟೋಗಳೆಲ್ಲ ರಾತ್ರಿ ಒಂದೂ ನಲವತ್ತು, ಎರಡೂ ಹತ್ತು ಎಂದು ತೋರಿಸತೊಡಗಿದವು. "ಸರಿರಾತ್ರೀಲಿ ಕಬ್ಬು ನೆಡೋರು ಯಾರಮ್ಮ, ಕಳ್ರಾ?" ಎಂದರು ಪುಟ್ಟಸ್ವಾಮಯ್ಯ. ಸ್ಕ್ರಿಪ್ಟು ಎಲ್ಲೋ ದೂರದೇಶದ ಗಡಿಯಾರ ನೋಡಿ ಬರೆಯುತ್ತಿತ್ತು. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕಿತ್ತು. ಕೂಡಿಸಿದೆ, ಸರಿಯಾಯಿತು. ಯಾಕೆ ಸರಿಯಾಯಿತು ಎಂದು ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗದೆ ಸರಿಯಾದದ್ದನ್ನು ಹಾಗೇ ಬಿಟ್ಟುಬಿಡುವುದು ನನ್ನ ಹಳೆಯ ಚಾಳಿ.

ನನಗೆ ಇನ್ನೊಂದು ಚಾಳಿ ಇತ್ತು, ಅಚ್ಚುಕಟ್ಟು. ಬೇರೆ ಫೀಲ್ಡ್‌ಮನ್‌ಗಳು ಫೋಟೋಗಳಿಗೆ ರೈತರ ಹೆಸರು ಕೊಟ್ಟು ತರುತ್ತಿದ್ದರು. ಬೆಸಗರಹಳ್ಳಿ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಶಿವಲಿಂಗ ಮಾತ್ರ ಫೋನು ತಾನಾಗಿ ಕೊಟ್ಟ ನಂಬರಿನಲ್ಲೇ ತರುತ್ತಿದ್ದ. ಹದಿನೆಂಟು ವರ್ಷದಿಂದ ಅದೇ ಹಳ್ಳಿಗಳನ್ನು ಸುತ್ತುತ್ತಿದ್ದ ಮನುಷ್ಯ. ನನ್ನನ್ನು ಅಕ್ಕ ಎನ್ನುತ್ತಿದ್ದ. ಬಂದಾಗಲೆಲ್ಲ ಒಂದು ಕಟ್ಟು ಸೊಪ್ಪೋ ಎರಡು ಎಳನೀರೋ ತರುತ್ತಿದ್ದ. "ಎಸ್ರು ಗಿಸ್ರು ನಂಗ್ ಬರಾಕಿಲ್ಲ ಕಣಕ್ಕ, ನೀವೇ ಇಟ್ಬುಡಿ" ಎನ್ನುತ್ತಿದ್ದ. ನಾನು ಬಿಡುವಾದಾಗ ದಿನಕ್ಕೆ ಐದಾರರಂತೆ ಅವನ ಫೈಲುಗಳಿಗೆ ಹೆಸರಿಡುತ್ತಿದ್ದೆ.

ಆ ವರ್ಷ ಎರಡು ಹೊಸ ಸಂಗತಿಗಳಾದವು. ಹಳೆಯ ಕಂಪ್ಯೂಟರು ಕೆಟ್ಟು ಹೊಸದು ಬಂತು, ಅದರ ಒಳಗಿನ ವ್ಯವಸ್ಥೆಯೇ ಬೇರೆ. ನನ್ನ ಸ್ಕ್ರಿಪ್ಟನ್ನು ಅದಕ್ಕೆ ಹಾಕಿದೆ, ಒಂದು ತಕರಾರೂ ಇಲ್ಲದೆ ಓಡಿತು. ತಕರಾರು ಮಾಡಿದ್ದರೆ ಒಳ್ಳೆಯದಿತ್ತು. ಇನ್ನೊಂದು, ಪುಟ್ಟಸ್ವಾಮಯ್ಯನವರು ಹೊಸ ಪಟ್ಟಿ ಕೇಳಿದರು. ರಿಜಿಸ್ಟರಿನಲ್ಲಿ ಬರೆದ ನಾಟಿ ದಿನಕ್ಕಿಂತ ಫೋಟೋದ ಫೈಲು ಒಂದು ವಾರಕ್ಕೂ ಹೆಚ್ಚು ತಡವಾಗಿ ಹುಟ್ಟಿದ್ದರೆ ಆ ಹೆಸರಿನ ಮುಂದೆ ಒಂದು ನಕ್ಷತ್ರ ಹಾಕಬೇಕು. ಮೊದಲೇ ನೆಟ್ಟಂತೆ ಸುಳ್ಳು ಬರೆದು ತಮ್ಮವರನ್ನು ಸರದಿಯಲ್ಲಿ ಮುಂದೆ ತಳ್ಳುವವರು ಸಿಕ್ಕಿಬೀಳುತ್ತಾರೆ ಎನ್ನುವುದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಕಾರ್ತಿಕ ಮಾಸದಲ್ಲಿ ಪಟ್ಟಿ ತೆಗೆದೆ. ನಲವತ್ತೆರಡು ನಕ್ಷತ್ರ ಬಿದ್ದವು. ನಲವತ್ತೆರಡೂ ಶಿವಲಿಂಗನವು. ರಿಜಿಸ್ಟರಿನಲ್ಲಿ ಅವನು ಬರೆದದ್ದು ಆಷಾಢ, ಕಂಪ್ಯೂಟರು ಹೇಳಿದ್ದು ಶ್ರಾವಣ. ನನಗೆ ನಂಬಲಾಗಲಿಲ್ಲ. ಇನ್ನೆರಡು ಸಲ ಓಡಿಸಿದೆ, ಅದೇ ಬಂತು. ಮೂರು ಸಲ ಅದೇ ಉತ್ತರ ಬಂದರೆ ಸತ್ಯವೇ ಇರಬೇಕೆಂದು ಪ್ರಿಂಟು ತೆಗೆದು ಅಧಿಕಾರಿಗಳ ಮೇಜಿನ ಮೇಲಿಟ್ಟೆ.

ಶಿವಲಿಂಗನನ್ನು ಕರೆಸಿದರು. ಪ್ರಿಂಟಿನ ಹಾಳೆ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಆಷಾಢದಲ್ಲಿ ನಲವತ್ತೆರಡ್ ಜನ ನಾಟಿ ಮಾಡುದ್ರಾ? ನಮ್ ಕಡೆ ಆಷಾಢದಲ್ಲಿ ಹೊಸದಾಗಿ ಒಂದ್ ಗಿಡ ನೆಡಲ್ಲ ಕಣಯ್ಯ. ಸುಳ್ ಬರಿಯೋನು ಒಳ್ಳೆ ತಿಂಗಳಾದ್ರೂ ನೋಡ್ಕಂಡ್ ಬರೀಬಾರ್ದಾ?" ಎಂದರು ಪುಟ್ಟಸ್ವಾಮಯ್ಯ.

"ನಾನ್ ಬರ್ದಿರಾದು ಸರ್ಯಾಗದೆ ಸಾ. ಗದ್ದೇಲಿ ನಿಂತ್ಕಂಡೇ ಬರ್ದಿವ್ನಿ."

"ಹಂಗಾರೆ ಪಟ ಯಾಕಯ್ಯ ಶ್ರಾವಣದ್ದು? ಕಂಪ್ಯೂಟರ್ ಸುಳ್ ಹೇಳ್ತದಾ?"

ಶಿವಲಿಂಗ ಏನೋ ಹೇಳಲು ಹೊರಟು ನುಂಗಿಕೊಂಡದ್ದು ನನಗೆ ಕಾಣಿಸಿತು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಸರ್ಯಾಗ್ ನೋಡಿ" ಎಂದ. ಮೂರು ಸಲ ನೋಡಿದ್ದೇನೆ ಎಂದೆ ನಾನು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿದ್ದವಳು ನಾನು. ಹೆಗಲು ಮುಟ್ಟಿಕೊಳ್ಳಲಿಲ್ಲ, ಹಾಳೆಗಳನ್ನು ಜೋಡಿಸುತ್ತಾ ನಿಂತಿದ್ದೆ.

ಆ ದಿನದಿಂದಲೇ ಅವನನ್ನು ಹಳ್ಳಿಗಳಿಂದ ತೆಗೆದು ಕಾರ್ಖಾನೆಯ ಅಂಗಳದಲ್ಲಿ ಗಾಡಿ, ಲಾರಿಗಳಿಗೆ ಟೋಕನ್ ಕೊಡುವ ಕೆಲಸಕ್ಕೆ ಹಾಕಿದರು. ಮಂಡ್ಯದ ದೊಡ್ಡ ಕಚೇರಿಯಲ್ಲಿ ತಿಂಗಳಾದ ಮೇಲೆ ವಿಚಾರಣೆ. ಅಲ್ಲಿ ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ, ಅದರ ಜೊತೆ ಹದಿನೆಂಟು ವರ್ಷದ ಹೆಸರೂ ಹೋಗುತ್ತದೆ. ನಲವತ್ತೆರಡು ಜನರ ಸರದಿಯನ್ನೂ ಕಂಪ್ಯೂಟರಿನ ತಾರೀಖಿನ ಪ್ರಕಾರ ಹಿಂದಕ್ಕೆ ಹಾಕಿ, ಹೊಸ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದರು.

ಪಟ್ಟಿ ಅಂಟಿಸಿದ ನಾಲ್ಕನೆಯ ದಿನ ಕೆಂಪಮ್ಮ ಬಂದಳು. ಬೆಸಗರಹಳ್ಳಿಯ ಹತ್ತಿರದ ಹಳ್ಳಿಯವಳು, ಎರಡು ಎಕರೆ ಕಬ್ಬು, ಮನೆಯ ಯಜಮಾನಿಕೆಯೆಲ್ಲ ಆಕೆಯದೇ.

"ಏನಮ್ಮಣ್ಣಿ, ನನ್ನೆಸ್ರ ಅದ್ಯಾವ್ ಮೂಲೆಗ್ ತಳ್ಬುಟ್ರಿ? ನಾನ್ ಊಣಿ ತಿಂಗ್ಳಾದ್ಮೇಲೆ ಊಣ್ದೋರ್ದೆಲ್ಲ ಮ್ಯಾಲದಂತೆ?"

ಕೂರಿಸಿ ಆಕೆಯ ಫೈಲು ಹುಡುಕಿದೆ. ಹೆಸರು ನಾನೇ ಇಟ್ಟದ್ದು, ಆದರೆ ಸರ್ವೆ ನಂಬರು ಸೇರಿಸುವುದು ಬಿಟ್ಟುಹೋಗಿತ್ತು. ಆಕೆಗೆ ಒಂದು ಪ್ರಿಂಟು ಕೊಡುವ ಮೊದಲು ಅಚ್ಚುಕಟ್ಟಾಗಿರಲಿ ಎಂದು ಸರ್ವೆ ನಂಬರು ಸೇರಿಸಿ, ಸ್ಕ್ರಿಪ್ಟು ಓಡಿಸಿ, ಬಂದದ್ದನ್ನು ಗಟ್ಟಿಯಾಗಿ ಓದಲು ಹೊರಟು ಅರ್ಧಕ್ಕೆ ನಿಂತೆ. ಕೆಂಪಮ್ಮನ ಫೈಲು ಹುಟ್ಟಿದ ತಾರೀಖು ಇವತ್ತಿನದು ಎಂದು ಬಂದಿತ್ತು.

"ಏನಂತೆ?" ಎಂದಳು.

"ಇವತ್ತು ನೆಟ್ಟಿದ್ದು ಅಂತ ತೋರಿಸ್ತಿದೆ."

"ಇವತ್ತಾ? ಬುಡವ್ವ ಸಾಕು. ಎದೆಮಟ ಬೆಳ್ದದೆ. ನೆನ್ನೆ ತಾನೆ ಅದ್ರ ಗರಿ ಮುರ್ದು ಎಮ್ಮೆಗಾಕಿವ್ನಿ." ಆಕೆ ನಕ್ಕಳು. ಇದೇನೂ ನಗುವ ಮಾತಲ್ಲ ಎಂದು ನನ್ನ ಮುಖ ನೋಡಿದ ಮೇಲೆ ತಿಳಿದಿರಬೇಕು, ನಗು ನಿಲ್ಲಿಸಿ ತಾನೂ ಪರದೆಯ ಕಡೆ ಬಗ್ಗಿದಳು.

ಹೆಸರಿನಲ್ಲಿ ಇನ್ನೊಂದು ಅಂಕಿ ತಿದ್ದಿ ಮತ್ತೆ ಓಡಿಸಿದೆ. ಈಗ ತಾರೀಖು ಅದೇ, ಸಮಯ ಎರಡು ನಿಮಿಷ ಮುಂದೆ ಹೋಗಿತ್ತು. ಹಳೆಯ ಕಂಪ್ಯೂಟರಿನಲ್ಲಿ ಫೈಲು ಹುಟ್ಟಿದ ದಿನವನ್ನು ಹೇಳುತ್ತಿದ್ದ ಅದೇ ಸಾಲು, ಹೊಸ ಕಂಪ್ಯೂಟರಿನಲ್ಲಿ ಫೈಲಿನ ಹೆಸರನ್ನೋ ಹೊರಗಿನ ವಿವರವನ್ನೋ ಕೊನೆಯದಾಗಿ ಯಾವಾಗ ಮುಟ್ಟಿದರು ಎನ್ನುವುದನ್ನು ಹೇಳುತ್ತಿತ್ತು. ಮುಟ್ಟಿದವಳು ನಾನು. ಶ್ರಾವಣದಲ್ಲಿ ದಿನಕ್ಕೆ ಐದಾರರಂತೆ ಶಿವಲಿಂಗನ ಫೈಲುಗಳಿಗೆ ಹೆಸರಿಟ್ಟವಳು ನಾನು. ನಲವತ್ತೆರಡು ನಕ್ಷತ್ರಗಳೂ ನನ್ನ ಅಚ್ಚುಕಟ್ಟಿನಿಂದ ಹುಟ್ಟಿದವು. ಶನಿವಾರ ಬಾ ಎಂದು ಕೆಂಪಮ್ಮನನ್ನು ಕಳುಹಿಸಿದೆ.

ಆಗಲೇ ಎದ್ದು ಹೋಗಿ ಅಧಿಕಾರಿಗಳಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಮೊದಲು ನಿಜವಾದ ತಾರೀಖು ಹುಡುಕಿ ಆಮೇಲೆ ಹೇಳೋಣ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹುಡುಕಿದೆ ಕೂಡ. ಫೋಟೋದ ಹೊಟ್ಟೆಯೊಳಗೇ ಕ್ಯಾಮೆರಾ ಒಂದು ತಾರೀಖು ಬರೆದಿಟ್ಟಿರುತ್ತದೆ, ಫೈಲನ್ನು ಎಲ್ಲಿಗೆ ಸಾಗಿಸಿದರೂ ಏನು ಹೆಸರಿಟ್ಟರೂ ಅದು ಬದಲಾಗುವುದಿಲ್ಲ ಎಂದು ಓದಿ ತಿಳಿದುಕೊಂಡೆ. ಅದನ್ನು ಓದಲು ಸ್ಕ್ರಿಪ್ಟಿಗೆ ಇನ್ನೊಂದಿಷ್ಟು ಸಾಲು ಸೇರಿಸಲು ನನಗೆ ಎರಡು ದಿನ ಹಿಡಿಯಿತು. ಒಳಗಿನ ತಾರೀಖು ಆಷಾಢದ್ದೇ ಇರುತ್ತದೆ, ಶಿವಲಿಂಗ ಬಚಾವಾಗುತ್ತಾನೆ ಎಂದು ದೇವರಿಗೆ ಕೈ ಮುಗಿದು ಓಡಿಸಿದೆ.

ಬಂದದ್ದು ಆಷಾಢವೂ ಅಲ್ಲ, ಶ್ರಾವಣವೂ ಅಲ್ಲ. ಜ್ಯೇಷ್ಠ. ಹೆಚ್ಚುಕಡಿಮೆ ಎಲ್ಲವೂ ಆಷಾಢ ಹುಟ್ಟುವ ಮೊದಲಿನ ಏಳೆಂಟು ದಿನಗಳವು. ಒಂದು ಮಾತ್ರ ಯಾವುದೋ ಹಳೆಯ ವರ್ಷದ ಜನವರಿ ಒಂದು ಎಂದಿತು. ಅದರ ಗುಟ್ಟು ನನಗೆ ಇವತ್ತಿಗೂ ಬಗೆಹರಿದಿಲ್ಲ, ಫೋನಿನ ಬ್ಯಾಟರಿ ಸತ್ತು ತಾರೀಖು ಅಳಿಸಿಹೋಗಿತ್ತೋ ಏನೋ.

ನನ್ನ ತಲೆ ಪೂರಾ ಕೆಟ್ಟಿತು. ಒಂದೇ ಗದ್ದೆ, ಮೂರು ತಿಂಗಳು. ಫೋಟೋ ಜ್ಯೇಷ್ಠದ್ದಾದರೆ ರಿಜಿಸ್ಟರಿನಲ್ಲಿ ಆಷಾಢ ಏಕೆ ಬಂತು? ಮುಂದೆ ತಳ್ಳುವ ಆಸೆ ಇದ್ದವನು ಫೋಟೋಗಿಂತ ತಡವಾದ ತಾರೀಖನ್ನು ಏಕೆ ಬರೆದ? ರಿಜಿಸ್ಟರೂ ಸುಳ್ಳು, ಪಟವೂ ಸುಳ್ಳು ಎಂದು ಅವನನ್ನು ಎರಡು ಸಲ ಶಿಕ್ಷಿಸಿಬಿಟ್ಟರೆ? ಇದನ್ನೆಲ್ಲ ಬಗೆಹರಿಸಿಕೊಳ್ಳದೆ ಹೇಗೆ ಬಾಯಿ ಬಿಡುವುದು ಎಂದು ದಿನ ದೂಡಿದೆ. ಈಗ ಯೋಚಿಸಿದರೆ ಗೊಂದಲ ನಿಜವೇ ಆಗಿತ್ತು, ಆದರೆ ಹೆದರಿದವಳಿಗೆ ಆ ಗೊಂದಲ ಒಳ್ಳೆಯ ನೆಪವೂ ಆಗಿತ್ತು. ನನ್ನದೊಂದು ಭಾಗದ ತಪ್ಪನ್ನಾದರೂ ಮೊದಲ ದಿನವೇ ಒಪ್ಪಿಕೊಳ್ಳಬಹುದಿತ್ತು. ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಶನಿವಾರ ಕೆಂಪಮ್ಮ ಹೇಳಿದಂತೆ ಬಂದಳು. ನಾನು ನೇರವಾಗಿ ಕೇಳಿದೆ, "ಅವ್ವಾ, ನಿಜ ಹೇಳಿ. ಯಾವತ್ತು ನೆಟ್ಟಿರಿ?"

"ಆಸಾಡ್ದಲ್ಲಿ."

"ಆಷಾಢದಲ್ಲಿ ಯಾರಾದರೂ ಶುರು ಮಾಡ್ತಾರಾ?"

"ಅಯ್ಯೋ, ಆಸಾಡ್ದಲ್ಲಿ ಯಾಕ್ ಸುರು ಮಾಡಾನವ್ವ? ಸುರು ಮಾಡಿದ್ದು ಅದ್ಕೂ ಮುಂಚ್ಲೇ. ಅವತ್ತೇ ಅಲ್ವಾ ಸಿವಲಿಂಗ ಪಟ ತೆಗ್ದಿದ್ದು? ತಗಿ, ನೋಡಾನ."

ನಾನು ಫೋಟೋ ತೆರೆದೆ. ಈ ಮಾತನ್ನು ನೀವು ನಿಧಾನವಾಗಿ ಓದಬೇಕು. ಆ ಫೈಲಿನ ಹೆಸರನ್ನು ಮೂರು ಸಲ ತಿದ್ದಿದ್ದೆ, ಹುಟ್ಟಿದ ತಾರೀಖು, ಮುಟ್ಟಿದ ತಾರೀಖು, ಹೊಟ್ಟೆಯೊಳಗಿನ ತಾರೀಖು ಎಲ್ಲ ಓದಿದ್ದೆ. ಹೆಸರಿಡುವಾಗ ಪುಟಾಣಿ ಚಿತ್ರವನ್ನು ಹಿಗ್ಗಿಸಿ ಸ್ಲೇಟಿನ ಮೇಲಿನ ಅಕ್ಷರ ಮಾತ್ರ ಓದಿಕೊಂಡಿದ್ದೆ. ಇಡೀ ಚಿತ್ರವನ್ನು ನೋಡಿದ್ದು ಅದೇ ಮೊದಲು.

ಕೆಂಪಮ್ಮ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಸ್ಲೇಟು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಸೊಸೆ, ಸೊಸೆಯ ಕೈಯಲ್ಲಿ ಆರತಿ ತಟ್ಟೆ. ಹಿಂದೆ ಉತ್ತು ಸಾಲು ಹೊಡೆದ ಗದ್ದೆ ದೂರದ ಬದುವಿನ ತನಕ ಬರಿಯ ಮಣ್ಣು. ಒಂದು ಮೂಲೆಯಲ್ಲಿ ಮಾತ್ರ ಅರಿಸಿನ ಕುಂಕುಮ ಹಚ್ಚಿದ ಐದು ಬಿತ್ತನೆ ತುಂಡುಗಳು, ಒಡೆದ ತೆಂಗಿನಕಾಯಿ.

"ಇದು ಸಾಸ್ತ್ರ ಕಣಮ್ಮಣ್ಣಿ" ಎಂದಳು ಕೆಂಪಮ್ಮ. "ಆಸಾಡ ಉಟ್ಟಕ್ ಮುಂಚೆ ದೇವಮೂಲೇಲಿ ಐದ್ ತುಂಡು ಊಣ್ಬುಟ್ರೆ ಕೆಲ್ಸ ಸುರುವಾದಂಗೆ. ಆಮೇಲೆ ಆಸಾಡ್ದಲ್ಲಿ ಊಣುದ್ರೂ ದೋಸ ಇಲ್ಲ. ನಮ್ ನಾಕೈದಳ್ಳೀಲಿ ಎಲ್ರೂ ಇಂಗೇಯ."

"ಮತ್ತೆ ಪೂರ್ತಿ ಗದ್ದೆ?"

"ಆಳ್ ಸಿಗ್ಬ್ಯಾಡ್ವಾ? ಅದಿನೈದು ದಿನ ಆಯ್ತು. ಅವತ್ತೂ ಬಂದಿದ್ದ ಸಿವಲಿಂಗ, ಬದಿನ್ ಮ್ಯಾಲೆ ನಿಂತ್ಕಂಡು ಬರ್ಕಂಡ. ಇವತ್ತೂ ಒಂದ್ ಪಟ ತೆಗಿಯಪ್ಪ ಅಂದೆ. ಕೆಸ್ರಲ್ಲಿ ಏನ್ ಪಟ ಬುಡವ್ವ, ಅಬ್ಬದಂಗ್ ನಿಂತಿರಾದು ಅದೆಯಲ್ಲ, ಸಾಕು ಅಂದ."

ನಲವತ್ತೆರಡು ಫೋಟೋಗಳನ್ನೂ ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಮಡಿ ಬಟ್ಟೆ, ಸ್ಲೇಟು, ಬರಿ ಮಣ್ಣು, ದೇವಮೂಲೆಯಲ್ಲಿ ಅರಿಸಿನ. ಜನವರಿ ಒಂದರ ಆ ಫೋಟೋದಲ್ಲೂ ಅದೇ. ನಾಟಿಯ ದಿನವೇ ಫೋಟೋ ತೆಗೆಯಬೇಕೆನ್ನುವ ನಿಯಮವನ್ನು ಶಿವಲಿಂಗ ಮುರಿದಿದ್ದ, ಅದು ಹೌದು. ಆದರೆ ಅವನಿಗೆ ಮೋಸ ಮಾಡುವ ಮನಸ್ಸಿದ್ದರೆ ಹೆಚ್ಚೇನೂ ಮಾಡಬೇಕಿರಲಿಲ್ಲ. ಫೋಟೋ ತೆಗೆದ ದಿನವನ್ನೇ ನಾಟಿಯ ದಿನವೆಂದು ಬರೆದಿದ್ದರೆ ಅವನ ಊರವರೆಲ್ಲ ಹದಿನೈದು ದಿನ ಮುಂದೆ ಹೋಗುತ್ತಿದ್ದರು, ಸಾಕ್ಷಿಯೂ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಇನ್ನೊಂದು ಸಲ ಬೈಕು ಓಡಿಸಿಕೊಂಡು ಹೋಗಿ, ಬದುವಿನ ಮೇಲೆ ನಿಂತು ಕಣ್ಣಾರೆ ಕಂಡ ದಿನವನ್ನು ಬರೆದಿದ್ದ. ಇಡೀ ಕಚೇರಿಯಲ್ಲಿ ಸರಿಯಾಗಿದ್ದದ್ದು ಅವನು ಪೆನ್ನಿನಿಂದ ಬರೆದ ಆ ಒಂದು ತಾರೀಖು.

ಅಂದೇ ಮಧ್ಯಾಹ್ನ ಬಸ್ಸು ಹತ್ತಿ, ನಮ್ಮ ಕಚೇರಿಯಿಂದ ದೂರವಿದ್ದ ಕಾರ್ಖಾನೆಯ ಅಂಗಳಕ್ಕೆ ಹೋದೆ. ಎತ್ತಿನ ಗಾಡಿಗಳ ಸಾಲಿನ ಮುಂದೆ ಮುಖಕ್ಕೆ ಟವೆಲು ಸುತ್ತಿಕೊಂಡು ಟೋಕನ್ ಕೊಡುತ್ತಿದ್ದ. ಎಲ್ಲ ಹೇಳಿದೆ. ನನ್ನಿಂದಾದ ತಪ್ಪು ಎಂದೆ. ಶಾಸ್ತ್ರದ ವಿಷಯ ಅವತ್ತೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಯೋಳುದ್ರೆ ನಾಟಿ ದಿನ ಪಟ ತೆಗ್ದಿಲ್ಲ ಅಂತ ಅದ್ಕೊಂದ್ ಸಿಕ್ಸೆ. ಅದೂ ಅಲ್ದೆ ಶ್ರಾವಣ ಅಂತೀರಿ, ನಂಗೇ ತಲೆ ಕೆಟ್ಟೋಯ್ತು. ಶ್ರಾವಣ್ದಲ್ಲಿ ನಾನ್ ಯಾವ್ದಾರ ಪಟ ತೆಗ್ದಿದ್ನಾ ಅಂತ ನಂಗೇ ಅನ್ಮಾನ ಬಂದ್ಬುಡ್ತು. ನೀವು ಕಂಪ್ಯೂಟರ್ ಆಳೆ ಇಡ್ಕಂಡ್ ನಿಂತಿದ್ರಿ. ಅದ್ರ ಮುಂದೆ ನಂದೇನ್ ಮಾತು, ಮೇಡಂ."

ಮೇಡಂ ಎಂದ. ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಇನ್ನೊಂದು ಗಾಡಿ ಬಂತು, ಅವನು ಆ ಕಡೆ ತಿರುಗಿದ.

ಸೋಮವಾರ ಪುಟ್ಟಸ್ವಾಮಯ್ಯನವರಿಗೆ ಹೇಳಿದೆ. ಅವರು ಬಹಳ ಹೊತ್ತು ಬೈದರು. "ಒಂದ್ ವಾರ ಬಾಯಿಗೆ ಏನ್ ಹೊಲ್ಕಂಡಿದ್ದಮ್ಮ?" ಎಂದರು. ವಿಚಾರಣೆಯ ದಿನ ಮಂಡ್ಯದಲ್ಲಿ ಮೂವರು ಅಧಿಕಾರಿಗಳ ಎದುರು ಕಂಪ್ಯೂಟರು ಇಟ್ಟು, ಒಂದು ಫೈಲಿನ ಹೆಸರು ತಿದ್ದಿ, ತಾರೀಖು ಬದಲಾಗುವುದನ್ನು ತೋರಿಸಿದೆ. ಕೆಂಪಮ್ಮನ ಫೋಟೋ ತೋರಿಸಿದೆ. ಅವರಲ್ಲೊಬ್ಬರು ನನ್ನ ವಯಸ್ಸು ನೋಡಿ ಕರುಣೆಯಿಂದಲೋ ಏನೋ, "ಹಾಗಾದರೆ ಇದು ಹೊಸ ಯಂತ್ರದ ತಪ್ಪು ಅನ್ನಿ" ಎಂದರು. ಹೌದು ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಅಲ್ಲ ಸರ್. ಅದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ಏನು ಕೇಳ್ತಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ. ತಪ್ಪು ನನ್ನದು" ಎಂದೆ.

ಆಮೇಲೆ ನನ್ನ ಪಕ್ಕದಲ್ಲಿದ್ದ ಪುಟ್ಟಸ್ವಾಮಯ್ಯ ಎದ್ದು ನಿಂತು, "ಆಷಾಢದಲ್ಲಿ ಯಾರೂ ನೆಡಲ್ಲ ಅಂತ ಅಂದೋನು ನಾನು ಸಾರ್. ನಮ್ಮೂರಲ್ಲಿಲ್ಲ ಅಂದ್ರೆ ಎಲ್ಲೂ ಇಲ್ಲ ಅನ್ಕಂಬುಟ್ಟೆ. ಅದನ್ನೂ ಬರ್ಕಳಿ" ಎಂದರು. ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ್ದೆ. ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಅವತ್ತು.

ಶಿವಲಿಂಗ ತನ್ನ ಹಳ್ಳಿಗಳಿಗೆ ಮರಳಿದ. ನಲವತ್ತೆರಡು ಜನರ ಸರದಿಯೂ ಮೊದಲಿನ ಜಾಗಕ್ಕೆ ಬಂತು. ನನಗೊಂದು ಮೆಮೊ ಸಿಕ್ಕಿತು, ಸಿಗಬೇಕಾದ್ದೇ. ಅದರ ಮುಂದಿನ ಶನಿವಾರದಿಂದ ಶಿವಲಿಂಗ ಮೆಮೊರಿ ಕಾರ್ಡು ತಂದು ಮೇಜಿನ ಮೇಲಿಟ್ಟು, "ಮೇಡಂ, ಕಾರ್ಡು" ಎಂದು ಹೇಳಿ ಹೊರಡುತ್ತಿದ್ದ. ಸೊಪ್ಪು ನಿಂತಿತು, ಎಳನೀರು ನಿಂತಿತು. ಅದನ್ನೆಲ್ಲ ನಿರೀಕ್ಷಿಸುವ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಆದರೂ ಪ್ರತಿ ಶನಿವಾರ ಆ ಎರಡು ಮಾತು ಕೇಳಿ ನನಗೆ ಸಂಕಟವಾಗುತ್ತಿತ್ತು. ಅವನ ಫೋಟೋಗಳನ್ನು ಮಾತ್ರ ಅಲ್ಲ, ಎಲ್ಲರ ಫೋಟೋಗಳನ್ನೂ ಒಂದೊಂದಾಗಿ ತೆರೆದು ನೋಡುವುದನ್ನು ಆಗ ಶುರು ಮಾಡಿದೆ. ಕೆಲಸ ಮೂರು ಪಟ್ಟಾಯಿತು. ನರಮನುಷ್ಯರ ಕೆಲಸವಲ್ಲ ಎಂದುಕೊಂಡಿದ್ದೆನಲ್ಲ, ಅದು ನರಮನುಷ್ಯರೇ ಮಾಡಬೇಕಾದ ಕೆಲಸವಾಗಿತ್ತು.

ನಾನು ನಿವೃತ್ತಳಾದ ದಿನ ಕಚೇರಿಯ ಅಂಗಳದಲ್ಲಿ ಹಾರ, ಶಾಲು, ಭಾಷಣ ಎಲ್ಲ ಆಯಿತು. ಎಲ್ಲರೂ ಸಾಲಾಗಿ ನಿಂತೆವು. ಫೋಟೋ ಯಾರು ತೆಗೆಯುತ್ತೀರಿ ಎಂದಾಗ ಶಿವಲಿಂಗ ಮುಂದೆ ಬಂದ. ಎರಡು ಹೆಜ್ಜೆ ಹಿಂದೆ ಹೋಗಿ, ಮೂರು ಸಲ ತೆಗೆದ. ಆಮೇಲೆ ಫೋನಿನಿಂದ ಕಾರ್ಡು ಕಿತ್ತು ನನ್ನ ಕೈಗೆ ಕೊಟ್ಟ.

"ತಗಳಿ. ಎಸ್ರು ಮಾತ್ರ ಮುಟ್ಬ್ಯಾಡಿ, ಅಕ್ಕ."

ನಾನು ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಕೆಲಸ ಬಿಟ್ಟು ಹೋಗುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು.

ಆ ಫೋಟೋ ಮನೆಯ ಕಂಪ್ಯೂಟರಿನಲ್ಲಿದೆ. ಫೋನು ಕೊಟ್ಟ ನಂಬರೇ ಅದರ ಹೆಸರು. ಇದೇನಮ್ಮ, ಇದಕ್ಕೊಂದು ಒಳ್ಳೆಯ ಹೆಸರಿಡಬಾರದೇ ಎಂದು ಮಗಳು ಕೇಳುತ್ತಿರುತ್ತಾಳೆ. ನಾನು ಇಟ್ಟಿಲ್ಲ. ಆಗಾಗ ತೆರೆದು ನೋಡುತ್ತೇನೆ. ಸಾಲಿನಲ್ಲಿ ಎಲ್ಲರೂ ಇದ್ದಾರೆ, ತೆಗೆದವನು ಮಾತ್ರ ಇಲ್ಲ.